‘ರಾಶಿ’ಯ ಜಾಡು: ಹಳೆಯ ಪತ್ರಿಕೆಗಳಲ್ಲಿ ಒಂದು ಪುಟ್ಟ ಹೆಸರನ್ನು ಹುಡುಕುವ ಬಗೆ

ಹಳೆಯ ಕನ್ನಡ ಪತ್ರಿಕೆಗಳ ಡಿಜಿಟಲ್ ಸಂಗ್ರಹವೊಂದನ್ನು ತೆರೆದು, ಹುಡುಕುವ ಚೌಕದಲ್ಲಿ ‘ರಾಶಿ’ ಎಂದು ಟೈಪ್ ಮಾಡಿ ನೋಡಿ. ಮೊದಲು ಎದುರಾಗುವುದು ವಾರಭವಿಷ್ಯ. ಮೇಷ, ವೃಷಭ, ಮಿಥುನ ಅಂತ ಹನ್ನೆರಡೂ ಸಾಲಾಗಿ ನಿಂತಿರುತ್ತವೆ. ಅದರ ಬೆನ್ನಿಗೇ ಅಡಿಕೆ ಧಾರಣೆ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಬೆಟ್ಟೆ, ಸರಕು, ಗೊರಬಲು ಇರುವ ಹಾಗೆ ‘ರಾಶಿ’ ಅನ್ನುವುದೂ ಅಡಿಕೆಯ ಒಂದು ಬಗೆ. ಆಮೇಲೆ ಕಣದಲ್ಲಿ ರಾಗಿಯ ರಾಶಿ, ರಾಶಿ ಪೂಜೆಯ ಫೋಟೊ, ಬೀದಿ ಬದಿಯ ಕಸದ ರಾಶಿ. ಉತ್ತರ ಕನ್ನಡದ ಕಡೆಯವರು ಬರೆದ ಹರಟೆ ಇದ್ದರೆ ಇನ್ನೂ ಒಂದು ಅರ್ಥ ಸೇರಿಕೊಳ್ಳುತ್ತದೆ. ಅಲ್ಲಿ ‘ರಾಶಿ’ ಅಂದರೆ ‘ತುಂಬಾ’.

ನಮಗೆ ಬೇಕಾಗಿದ್ದು ಇವು ಯಾವುದೂ ಅಲ್ಲ. ನಮಗೆ ಬೇಕಾದವರು ಡಾ. ಎಂ. ಶಿವರಾಂ. 1905ರಲ್ಲಿ ಹುಟ್ಟಿದವರು, 1984ರಲ್ಲಿ ತೀರಿಕೊಂಡವರು. ವೃತ್ತಿಯಲ್ಲಿ ವೈದ್ಯರು. 1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ ಅನ್ನುವ ಹಾಸ್ಯ ಮಾಸಪತ್ರಿಕೆ ಶುರು ಮಾಡಿ, 1967ರವರೆಗೆ ನಡೆಸಿದರು. ಅವರು ಬರೆಯುತ್ತಿದ್ದ ಹೆಸರು ‘ರಾಶಿ’. ಶಿವರಾಂ ಎಂಬ ಹೆಸರಿನ ಮೊದಲಕ್ಷರ, ಕೊನೆಯಕ್ಷರ ಹಿಂದುಮುಂದಾಗಿ ಕೂತ ಹಾಗೆ ಕಾಣುತ್ತದೆ ಅಲ್ವಾ? ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ಹೆಸರು ಇಲ್ಲ. ಹುಡುಕಲು ಇದಕ್ಕಿಂತ ಕಷ್ಟದ ಹೆಸರೂ ಇಲ್ಲ.

ಇದು ಒಬ್ಬರ ಕಥೆ ಅಲ್ಲ. ಕನ್ನಡದಲ್ಲಿ ಚಿಕ್ಕ ಹೆಸರಿಟ್ಟುಕೊಂಡು ಬರೆಯುವುದು ದೊಡ್ಡ ರೂಢಿಯೇ ಆಗಿತ್ತು. ಬಿ.ಎಂ. ಶ್ರೀಕಂಠಯ್ಯ ‘ಶ್ರೀ’ ಆದರು. ಅಜ್ಜಂಪುರ ಸೀತಾರಾಂ ‘ಆನಂದ’ ಆದರು. ವಿ.ಕೃ. ಗೋಕಾಕ್ ‘ವಿನಾಯಕ’, ಬಿ.ಎನ್. ಸುಬ್ಬಮ್ಮ ‘ವಾಣಿ’, ಅನಸೂಯ ಶಂಕರ್ ‘ತ್ರಿವೇಣಿ’. ಇವುಗಳಲ್ಲಿ ಯಾವುದನ್ನು ಬೇಕಾದರೂ ಹುಡುಕುವ ಚೌಕಕ್ಕೆ ಹಾಕಿ. ‘ಶ್ರೀ’ ಅಂದರೆ ಪತ್ರಿಕೆಯಲ್ಲಿ ಹೆಸರು ಬಂದ ಪ್ರತಿಯೊಬ್ಬ ಗಂಡಸೂ ಎದ್ದು ಬರುತ್ತಾನೆ. ‘ವಾಣಿ’ ಅಂದರೆ ಆಕಾಶವಾಣಿಯ ಕಾರ್ಯಕ್ರಮ ಪಟ್ಟಿ ಬರುತ್ತದೆ, ಜೊತೆಗೆ ಪ್ರಜಾವಾಣಿಯ ಪುಟಪುಟವೂ ಬರುತ್ತದೆ. ಪತ್ರಿಕೆಯ ಹೆಸರಿನಲ್ಲೇ ಆ ಎರಡಕ್ಷರ ಇದೆಯಲ್ಲ!

ನಿಮ್ಮ ಮನೆಯ ಹಿರಿಯರು ಯಾವುದೋ ಪತ್ರಿಕೆಗೆ ‘ರಾ.ಕೃ.’ ಅಂತಲೋ ‘ಇಂದಿರಾ’ ಅಂತಲೋ ಸಹಿ ಹಾಕಿ ಬರೆದಿದ್ದರು ಎಂದುಕೊಳ್ಳಿ. ಅವರನ್ನು ಹುಡುಕುವ ಕಷ್ಟವೂ ಇದೇ. ದಾರಿಯೂ ಇದೇ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಹೆಸರು ಒಂಟಿಯಾಗಿ ಸಿಗುವುದಿಲ್ಲ. ಅದರ ನೆರೆಹೊರೆಯನ್ನು ಹುಡುಕಬೇಕು. ಅದು ಯಾರ ಪಕ್ಕದಲ್ಲಿ ಕೂರುತ್ತಿತ್ತು, ಯಾವ ಪುಟದಲ್ಲಿ ಬರುತ್ತಿತ್ತು, ಯಾವ ಊರಿನ ಸುದ್ದಿಯ ಜೊತೆ ಬರುತ್ತಿತ್ತು ಎಂದು ಗೊತ್ತುಮಾಡಿಕೊಂಡರೆ ಹೆಸರು ತಾನಾಗಿ ಸಿಗುತ್ತದೆ.

ಯಂತ್ರದ ಕಣ್ಣಿಗೆ ಏನು ಕಾಣುತ್ತದೆ

ಹಳೆಯ ಪತ್ರಿಕೆಯ ಸ್ಕ್ಯಾನ್ ಅಂದರೆ ಅದು ಬರೀ ಚಿತ್ರ. ಚಿತ್ರದಲ್ಲಿ ಅಕ್ಷರ ಹುಡುಕಲು ಆಗುವುದಿಲ್ಲ. ಅದಕ್ಕೆ ಓಸಿಆರ್ ಎಂಬ ತಂತ್ರಾಂಶ ಆ ಚಿತ್ರವನ್ನು ‘ಓದಿ’, ಒಂದು ಪಠ್ಯ ಮಾಡಿಡುತ್ತದೆ. ನಾವು ಹುಡುಕುವುದು ಆ ಪಠ್ಯದಲ್ಲಿ, ಪತ್ರಿಕೆಯಲ್ಲಿ ಅಲ್ಲ. ಎಷ್ಟೋ ಸ್ಕ್ಯಾನ್‌ಗಳಿಗೆ ಈ ಪಠ್ಯವೇ ಇರುವುದಿಲ್ಲ. ಅಲ್ಲಿ ಏನು ಹುಡುಕಿದರೂ ‘ಫಲಿತಾಂಶ ಇಲ್ಲ’ ಎಂದೇ ಬರುತ್ತದೆ. ಅದನ್ನು ನೋಡಿ ‘ಆ ಹೆಸರು ಇಲ್ಲಿ ಇಲ್ಲ’ ಎಂದು ತಿಳಿಯುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಆ ಪುಟದಲ್ಲಿ ಖಂಡಿತ ಇರುವ ಒಂದು ಸಾಮಾನ್ಯ ಪದವನ್ನು ಮೊದಲು ಹುಡುಕಿ ನೋಡಿ. ಅದೂ ಸಿಗದಿದ್ದರೆ ತೊಂದರೆ ಇರುವುದು ಹೆಸರಿನಲ್ಲಿ ಅಲ್ಲ, ಪಠ್ಯದಲ್ಲಿ.

ಪಠ್ಯ ಇದ್ದರೂ ಅದು ಸರಿ ಇದೆ ಎನ್ನುವ ಹಾಗಿಲ್ಲ. ‘ರ’ ಅಕ್ಷರವನ್ನು ಹತ್ತಿರದಿಂದ ನೋಡಿ. ಅದರ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ‘ಠ’ ಆಗುತ್ತದೆ. ಹಳೆಯ ನ್ಯೂಸ್‌ಪ್ರಿಂಟ್ ಕಾಗದ ಒರಟು. ಎಲ್ಲೋ ಒಂದು ಹನಿ ಶಾಯಿ ಸಿಡಿದಿರುತ್ತದೆ, ಇಲ್ಲವೇ ಹುಳು ಒಂದು ತೂತು ಮಾಡಿರುತ್ತದೆ. ಅಷ್ಟು ಸಾಕು, ‘ರಾಶಿ’ ಹೋಗಿ ‘ಠಾಶಿ’ ಆಗಿಬಿಡುತ್ತದೆ. ‘ಪ’ ಒಳಗೆ ಒಂದು ಗೀರು ಬಿದ್ದರೆ ‘ಷ’. ‘ದ’ ಕೆಳಗೆ ಒಂದು ಸೀಳು ಬಿದ್ದರೆ ‘ಧ’. ಉದ್ದನೆಯ ಹೆಸರಾದರೆ ಒಂದಕ್ಷರ ಕೆಟ್ಟರೂ ಉಳಿದದ್ದನ್ನು ಹಿಡಿದು ಗುರುತಿಸಬಹುದು. ‘ವೆಂಕಟಕೃಷ್ಣಯ್ಯ’ದಲ್ಲಿ ಎರಡಕ್ಷರ ತಪ್ಪಿದರೂ ‘ಕೃಷ್ಣಯ್ಯ’ ಉಳಿಯುತ್ತದೆ. ಎರಡಕ್ಷರದ ಹೆಸರಿನಲ್ಲಿ ಒಂದು ಕೆಟ್ಟರೆ ಅರ್ಧ ಹೆಸರೇ ಹೋಯಿತು.

ಇನ್ನೊಂದು ಕಾಟ ಅರ್ಕಾವತ್ತಿನದು. ‘ಶರ್ಮ’ ಎಂಬುದನ್ನು ಹಳೆಯ ಅಚ್ಚಿನಲ್ಲಿ ‘ಶ’, ‘ಮ’, ಆಮೇಲೆ ಅರ್ಕಾವತ್ತು ಹಾಕಿ ಮುದ್ರಿಸುತ್ತಿದ್ದರು. ಅರ್ಕಾವತ್ತು ನೋಡಲು ಕನ್ನಡದ ಒಂಬತ್ತರ ಹಾಗೆಯೇ ಇದೆ. ಯಂತ್ರ ಅದನ್ನು ‘ಶಮ೯’ ಎಂದು ಓದಿಕೊಳ್ಳುತ್ತದೆ. ‘ಶರ್ಮ’ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಅನುಸ್ವಾರದ್ದೂ ಇದೇ ಕಥೆ. ‘ಎಂ.’ ಎಂಬಲ್ಲಿನ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸ ಇಲ್ಲ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಓಸಿಆರ್ ಮಾತ್ರ ಅಲ್ಲ, ಕೈಯಿಂದ ಟೈಪ್ ಮಾಡಿದವರೂ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿರುವುದು ಬೇಕಾದಷ್ಟಿದೆ. ಅದಕ್ಕೇ ‘ಎಂ. ಶಿವರಾಂ’ ಎಂದು ಒಮ್ಮೆ, ಎರಡೂ ಕಡೆ ಅಂಕಿಯ ಸೊನ್ನೆ ಹಾಕಿ ಇನ್ನೊಮ್ಮೆ ಹುಡುಕಬೇಕು. ಸುಮ್ನೆ ಹೇಳುತ್ತಿಲ್ಲ, ಎರಡನೆಯ ಸಲ ಬೇರೆಯೇ ಪುಟಗಳು ಬರುತ್ತವೆ.

ಅಕ್ಷರ ಎಂದರೆ ನಮಗೆ ಒಂದು, ಕಂಪ್ಯೂಟರಿಗೆ ಇನ್ನೊಂದು. ‘ಶ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ ಯುನಿಕೋಡ್. ಅದರ ಲೆಕ್ಕದಲ್ಲಿ ಅದು ನಾಲ್ಕು: ಶ, ವಿರಾಮ (ಒತ್ತಕ್ಷರ ಮಾಡಿಸುವ ಗುರುತು), ರ, ದೀರ್ಘ ಈಕಾರ. ಆ ಈಕಾರವನ್ನೂ ಎರಡು ತುಂಡು ಮಾಡಿ, ಗುಡಿಸು ಮತ್ತು ದೀರ್ಘ ಅಂತ ಬೇರೆ ಬೇರೆ ಕೂರಿಸಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ. ಸರಿಯಾಗಿ ಕಟ್ಟಿದ ಹುಡುಕು ವ್ಯವಸ್ಥೆ ಇವನ್ನು ಒಂದು ಮಾಡಿಕೊಳ್ಳುತ್ತದೆ, ಎಲ್ಲವೂ ಹಾಗಿರುವುದಿಲ್ಲ. ಚುಕ್ಕಿ ಇರುವ ಹೆಸರುಗಳ ಪಾಡು ಇನ್ನೂ ಬೇರೆ. ‘ವಿ.ಸೀ.’ ಎಂದು ಕೊಟ್ಟರೆ ಹಲವು ವ್ಯವಸ್ಥೆಗಳು ಚುಕ್ಕಿಯನ್ನು ಬಿಸಾಕಿ, ‘ವಿ’ ಒಂದು ಪದ, ‘ಸೀ’ ಒಂದು ಪದ ಎಂದು ಒಡೆದುಕೊಳ್ಳುತ್ತವೆ. ತೀರಾ ಚಿಕ್ಕ ಪದಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ವ್ಯವಸ್ಥೆಗಳೂ ಇವೆ. ಅಂಥ ಕಡೆ ವಿ. ಸೀತಾರಾಮಯ್ಯ ಎಂದು ಪೂರ್ತಿ ಹೆಸರು ಕೊಡದೆ ಬೇರೆ ದಾರಿ ಇಲ್ಲ.

ತೊಂಬತ್ತರ ದಶಕದಿಂದ ಈಚೆಗೆ ಕಂಪ್ಯೂಟರಿನಲ್ಲೇ ಪುಟ ಕಟ್ಟಿದ ಪತ್ರಿಕೆಗಳು ಸುಲಭ ಎಂದುಕೊಳ್ಳುತ್ತೇವೆ. ಅಲ್ಲೂ ಒಂದು ತೊಡಕಿದೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಕಡತ ತೆರೆದರೆ ಕಣ್ಣಿಗೆ ಚಂದದ ಕನ್ನಡ. ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು. ಯುನಿಕೋಡಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಆ ಪುಟದಿಂದಲೇ ಹೆಸರನ್ನು ನಕಲು ಮಾಡಿ, ಅದನ್ನೇ ಹುಡುಕುವ ಚೌಕಕ್ಕೆ ಅಂಟಿಸಿದರೆ ಅದೇ ಫಾಂಟಿನ ಉಳಿದ ಪುಟಗಳು ಸಿಗುತ್ತವೆ.

ಹೆಸರಿನ ನೆರೆಹೊರೆ

ಈಗ ರಾಶಿಯವರ ಹತ್ತಿರ ಬರೋಣ. ‘ರಾಶಿಯವರು’ ಎಂದು ನಾನು ಈಗ ತಾನೇ ಬರೆದೆ. ಇದೇ ಒಂದು ಒಳ್ಳೆಯ ದಾರಿ. ಕನ್ನಡದಲ್ಲಿ ಮನುಷ್ಯರಿಗೆ ಗೌರವದ ‘ಅವರು’ ಸೇರುತ್ತದೆ. ರಾಗಿ ರಾಶಿಗೆ ಸೇರುವುದಿಲ್ಲ, ಅಡಿಕೆಗೆ ಸೇರುವುದಿಲ್ಲ. ‘ಆನಂದರು’, ‘ವಾಣಿಯವರು’, ‘ತ್ರಿವೇಣಿಯವರ ಕಾದಂಬರಿ’ ಎಂದು ಹುಡುಕಿದರೆ ಅರ್ಧಕ್ಕರ್ಧ ಕಸ ಹೋಗುತ್ತದೆ. ಹುಡುಕುವಾಗ ನಾವು ಹೆಸರಿನ ಬರಿಯ ರೂಪವನ್ನೇ ಕೊಡುತ್ತೇವೆ. ಪತ್ರಿಕೆಯಲ್ಲಿ ಅದು ಬರುವುದು ‘ಯವರು, ಯವರ, ಯವರಿಗೆ, ಯವರಿಂದ’ ಎಂಬ ಬಾಲದ ಜೊತೆ. ಆ ಬಾಲವೇ ನಮಗೆ ಸಹಾಯ.

ಆದರೆ ‘ರಾಶಿ’ ವಿಷಯದಲ್ಲಿ ಇದೂ ಪೂರ್ತಿ ನಡೆಯುವುದಿಲ್ಲ. ‘ಈ ರಾಶಿಯವರಿಗೆ ಧನಲಾಭ’ ಎಂದು ಭವಿಷ್ಯದವರು ಬರೆಯುತ್ತಾರಲ್ಲ! ಹಾಗಾಗಿ ಭವಿಷ್ಯದ ಪುಟವನ್ನು ಬೇರೆ ರೀತಿ ಹೊರಗಿಡಬೇಕು. ಭವಿಷ್ಯದ ಅಂಕಣದಲ್ಲಿ ‘ಮೇಷ’, ‘ವೃಶ್ಚಿಕ’ ತಪ್ಪದೆ ಇರುತ್ತವೆ. ಧಾರಣೆಯ ಅಂಕಣದಲ್ಲಿ ‘ಬೆಟ್ಟೆ’, ‘ಕ್ವಿಂಟಲ್’ ಇರುತ್ತವೆ. ಈ ಪದಗಳು ಇರುವ ಪುಟ ಬೇಡ ಎಂದು ಹೇಳುವ ಅನುಕೂಲ ಇದ್ದರೆ ಬಳಸಿ. ಬಹಳ ಕಡೆ ಪದ ಶುರುವಾಗುವ ಮೊದಲು ಅದಕ್ಕೆ ಅಂಟಿಸಿ ಒಂದು ಕಳೆಯುವ ಗುರುತು ಹಾಕಿದರೆ ಸಾಕು. ಇದಕ್ಕೊಂದು ಅಪಾಯವೂ ಇದೆ. ದಿನಪತ್ರಿಕೆಯ ಒಂದೇ ಪುಟದಲ್ಲಿ ಭವಿಷ್ಯವೂ ಇರುತ್ತದೆ, ಹಾಸ್ಯ ಲೇಖನವೂ ಇರುತ್ತದೆ. ಭವಿಷ್ಯ ಬೇಡ ಎಂದರೆ ಪುಟವೇ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ‘ಇದು ಬೇಡ’ ಎನ್ನುವುದಕ್ಕಿಂತ ‘ಇದರ ಜೊತೆ ಇರುವುದು ಬೇಕು’ ಎನ್ನುವುದೇ ಒಳ್ಳೆಯದು.

ಯಾವುದರ ಜೊತೆ? ಮೊದಲನೆಯದು ಪತ್ರಿಕೆಯ ಹೆಸರು. ‘ರಾಶಿ’ ಜೊತೆ ‘ಕೊರವಂಜಿ’ ಇರುವ ಪುಟವೆಂದರೆ ಅದು ಅವರದೇ ಆಗಿರುವ ಸಂಭವ ತುಂಬಾ ಜಾಸ್ತಿ. ಎರಡನೆಯದು ಜೊತೆಗಾರರು. ಕೊರವಂಜಿಯಲ್ಲಿ ನಾ. ಕಸ್ತೂರಿ ಬರೆಯುತ್ತಿದ್ದರು, ಟಿ. ಸುನಂದಮ್ಮ ಬರೆಯುತ್ತಿದ್ದರು. ಮುಂದೆ ದೇಶಕ್ಕೇ ಹೆಸರಾದ ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಕನ್ನಡದ ಹಾಸ್ಯದ ಬಗ್ಗೆ ಯಾವುದೇ ಭಾಷಣದ ವರದಿ, ಗೋಷ್ಠಿಯ ವರದಿ ಬಂದರೂ ಈ ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಆದ್ದರಿಂದ ‘ರಾಶಿ’ ಬಿಡಿ, ‘ಸುನಂದಮ್ಮ’ ಎಂದು ಹುಡುಕಿ. ಅದು ಉದ್ದದ ಹೆಸರು, ಬೇರೆ ಅರ್ಥ ಇಲ್ಲದ ಹೆಸರು. ಆ ಪುಟ ಸಿಕ್ಕ ಮೇಲೆ ಕಣ್ಣಿನಿಂದ ‘ರಾಶಿ’ಯನ್ನು ಹುಡುಕಿ. ‘ಕಸ್ತೂರಿ’ ಮಾತ್ರ ಇಲ್ಲಿ ಕೈಕೊಡುತ್ತದೆ. 1956ರಿಂದ ಅದೇ ಹೆಸರಿನ ಮಾಸಪತ್ರಿಕೆಯೊಂದು ಬರುತ್ತಿದೆ.

ಇನ್ನೊಂದು ದಾರಿ ಅವರ ಪೂರ್ತಿ ಹೆಸರು. ಒಬ್ಬರೇ ಮನುಷ್ಯರು ಪತ್ರಿಕೆಯ ಬೇರೆ ಬೇರೆ ಪುಟಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಹಾಸ್ಯದ ಪುಟದಲ್ಲಿ ರಾಶಿ. ಆದರೆ 1976ರಲ್ಲಿ ‘ಮನಮಂಥನ’ ಎಂಬ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಪಟ್ಟಿಯಲ್ಲಿ ಇರುವ ಹೆಸರು ಎಂ. ಶಿವರಾಂ. ಆ ಹೆಸರಿನ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಶಿವರಾಂ, ಶಿವರಾಮ್, ಶಿವರಾಮ. ಎಂ., ಎಮ್. ಡಾ., ಡಾಕ್ಟರ್, ಹಿಂದಿನವರು ಎರಡು ಗೀಟು ಎಳೆದು ಬರೆಯುತ್ತಿದ್ದ ಡಾ||. ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಶಿ’ಗೆ ಎಸ್ ಮಾತ್ರ ಹಾಕಿದ್ದೂ ಉಂಟು, ಎಸ್‌ಎಚ್ ಹಾಕಿದ್ದೂ ಉಂಟು. ಬಿ.ಎಂ.ಶ್ರೀ ಅವರ ಹೆಸರನ್ನು ಆಗ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ರೀತಿ ನೋಡಿದರೆ ಈಗಿನವರಿಗೆ ‘ಶ್ರೀಕಾಂತಿಯ’ ಎಂದು ಓದುವ ಹಾಗಿದೆ. ಈಗಿನ ಕಾಗುಣಿತದಲ್ಲಿ ‘ಶ್ರೀಕಂಠಯ್ಯ’ ಎಂದು ಹುಡುಕಿದರೆ ಆ ಲೇಖನಗಳು ಸಿಗುವುದೇ ಇಲ್ಲ. ಇನಿಷಿಯಲ್‌ಗಳೂ ಹಾಗೆಯೇ. ‘ವಿಶ್ವ ಕರ್ನಾಟಕ’ ಪತ್ರಿಕೆಯ ತಿರುಮಲೆ ತಾತಾಚಾರ್ಯ ಶರ್ಮರು ಒಂದು ಕಡೆ ತಿ.ತಾ. ಶರ್ಮ, ಇನ್ನೊಂದು ಕಡೆ ಟಿ.ಟಿ. ಶರ್ಮ.

ಪೂರ್ತಿ ಹೆಸರಿಗೂ ನೆರಳುಗಳು ಇರುತ್ತವೆ ಎಂಬುದನ್ನು ಮರೆಯಬಾರದು. ‘ಶಿವರಾಮ’ ಎಂದರೆ ಮೊದಲು ಬರುವವರು ಕಾರಂತರು. 1902ರಿಂದ 1997ರವರೆಗೆ ಬದುಕಿ, ಕನ್ನಡದ ಎಲ್ಲ ಪತ್ರಿಕೆಗಳಲ್ಲೂ ತುಂಬಿಕೊಂಡವರು. ಸಿನಿಮಾ ಪುಟಗಳಲ್ಲಿ ನಟ ಶಿವರಾಂ ಇದ್ದಾರೆ. ಹಾಗಾಗಿ ಶಿವರಾಂ ಜೊತೆಗೂ ಒಂದು ನೆರೆಹೊರೆ ಬೇಕೇ ಬೇಕು: ಹಾಸ್ಯ, ವೈದ್ಯ, ಮನೋವಿಜ್ಞಾನ, ಕೊರವಂಜಿ.

ಕಾಲದ ಬೇಲಿ

ಹುಡುಕುವ ಮುಂಚೆ ಕಾಲಕ್ಕೆ ಒಂದು ಬೇಲಿ ಹಾಕಿಕೊಳ್ಳಿ. ರಾಶಿಯವರು ಹುಟ್ಟಿದ್ದು 1905. 1910ರ ಪತ್ರಿಕೆಯಲ್ಲಿ ‘ರಾಶಿ’ ಎಂಬ ಸಹಿ ಕಂಡರೆ ಅದು ಅವರದಲ್ಲ. ಇಷ್ಟು ಸರಳ. 1942ರಿಂದ 1967 ಗಟ್ಟಿಯಾದ ಅವಧಿ. 1984ರಲ್ಲಿ ನಿಧನದ ಸುದ್ದಿ. 2005 ಹುಟ್ಟಿದ ನೂರನೆಯ ವರ್ಷ, ಆದ್ದರಿಂದ ನೆನಪಿನ ಲೇಖನಗಳಿಗೆ ಅದನ್ನೂ ನೋಡಬೇಕು. ನಾನಾದರೆ ಯಾವಾಗಲೂ ಕೊನೆಯಿಂದ ಶುರು ಮಾಡುತ್ತೇನೆ. ನಿಧನದ ಸುದ್ದಿಯಲ್ಲಿ ಪತ್ರಿಕೆ ಎರಡೂ ಹೆಸರನ್ನು ಜೊತೆಗೆ ಹಾಕುತ್ತದೆ. ಹುಟ್ಟಿದ ಊರು, ಓದಿದ ಕಾಲೇಜು, ಬರೆದ ಪತ್ರಿಕೆಗಳು, ಎಲ್ಲ ಒಂದೇ ಕಡೆ ಸಿಗುತ್ತದೆ. ಬದುಕಿದ್ದಾಗ ನಲವತ್ತು ಲೇಖನಗಳಲ್ಲಿ ಸಿಗದ ವಿವರ ಆ ಅರ್ಧ ಕಾಲಂನಲ್ಲಿ ಇರುತ್ತದೆ. ಅದರಲ್ಲಿ ತಪ್ಪುಗಳೂ ಇರುತ್ತವೆ. ರಾತ್ರಿ ಅವಸರದಲ್ಲಿ ಬರೆದದ್ದು. ಅದಕ್ಕೇ ಅದನ್ನು ದಾರಿ ತೋರಿಸುವ ಚೀಟಿ ಎಂದು ಇಟ್ಟುಕೊಳ್ಳಬೇಕು, ಸಾಕ್ಷಿ ಎಂದು ಅಲ್ಲ.

ಹಳೆಯ ಮಾಸಪತ್ರಿಕೆಗಳಲ್ಲಿ ಕಾಲ ತಿಳಿಯುವುದೇ ಒಂದು ಕೆಲಸ. ಎಷ್ಟೋ ಸಂಚಿಕೆಗಳ ಮೇಲೆ ಇಸವಿಯ ಬದಲು ಸಂವತ್ಸರ ಇರುತ್ತದೆ. ‘ಚಿತ್ರಭಾನು ಸಂವತ್ಸರದ ಕಾರ್ತೀಕ’ ಎಂದಿದ್ದರೆ ಅದು 1942. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ, 2002ರ ಯುಗಾದಿಗೆ ಮತ್ತೆ ಚಿತ್ರಭಾನು ಬಂತು. ಇಲ್ಲಿ ಗೊಂದಲ ಆಗುವುದಿಲ್ಲ, ಕಾಗದ ನೋಡಿದರೇ ಗೊತ್ತಾಗುತ್ತದೆ. ಎಡವುವುದು ಬೇರೆ ಕಡೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗೆ ಅಲ್ಲ. ಚಿತ್ರಭಾನು ಸಂವತ್ಸರದ ಮಾಘ ಮಾಸ ಬರುವ ಹೊತ್ತಿಗೆ ಇಂಗ್ಲಿಷ್ ಇಸವಿ 1943 ಆಗಿರುತ್ತದೆ. ಕ್ಯಾಟಲಾಗ್ ಮಾಡಿದವರು ಅದನ್ನು 1942 ಎಂದೇ ಬರೆದಿರಬಹುದು. ಬೇಲಿ ಹಾಕುವಾಗ ಎರಡೂ ಕಡೆ ಒಂದೊಂದು ವರ್ಷ ಜಾಸ್ತಿ ಬಿಟ್ಟುಕೊಳ್ಳಿ.

ಪುಟ ತಿರುವುವುದೇ ಬೇಗ

ಚಿಕ್ಕ ಹೆಸರಿನ ಬೆನ್ನು ಹತ್ತಿದವರಿಗೆ ನಾನು ಮನಸಾರೆ ಹೇಳುವ ಮಾತೊಂದಿದೆ. ಪತ್ರಿಕೆ ಯಾವುದು ಎಂದು ಗೊತ್ತಾದ ಮೇಲೆ ಹುಡುಕುವುದನ್ನು ನಿಲ್ಲಿಸಿ. ಓದಿ. ಲೆಕ್ಕ ಹಾಕಿ ನೋಡೋಣ. ಮಾಸಪತ್ರಿಕೆ ಅಂದರೆ ವರ್ಷಕ್ಕೆ ಹನ್ನೆರಡು. ಇಪ್ಪತ್ತೈದು ವರ್ಷಕ್ಕೆ 300 ಸಂಚಿಕೆ. ಒಂದೊಂದರ ಪರಿವಿಡಿ ನೋಡಲು ಎರಡು ನಿಮಿಷ ಎಂದರೆ 600 ನಿಮಿಷ, ಹತ್ತು ಗಂಟೆ. ಲೈಬ್ರರಿಯಲ್ಲಿ ಎರಡು ದಿನದ ಕೆಲಸ. ಓಸಿಆರ್ ತಪ್ಪುಗಳ ಜೊತೆ ಎರಡು ದಿನ ಗುದ್ದಾಡಿದರೂ ಕೊನೆಗೆ ಏನು ಬಿಟ್ಟುಹೋಯಿತು ಎಂದು ಗೊತ್ತಾಗುವುದಿಲ್ಲ. ಪುಟ ತಿರುವಿದರೆ ಗೊತ್ತಾಗುತ್ತದೆ.

ಬೈಂಡ್ ಮಾಡಿದ ಹಳೆಯ ಸಂಪುಟ ಕೈಗೆ ಬಂದಾಗ ಮೊದಲು ಬರುವುದು ವಾಸನೆ. ಒಣ ಎಲೆಯದೂ ಅಂಟಿನದೂ ಸೇರಿದ ಒಂದು ವಾಸನೆ. ಮೂಲೆ ಹಿಡಿದು ತಿರುವಿದರೆ ಮುರಿಯುತ್ತದೆ. ಅಂಗೈಯನ್ನು ಹಾಳೆಯ ಅಡಿಗೆ ಕೊಟ್ಟು ಎತ್ತಬೇಕು. ಪರಿವಿಡಿ ಎಲ್ಲಿ ಎಂದು ನೋಡಿದರೆ ಬಹಳ ಸಲ ಇರುವುದೇ ಇಲ್ಲ. ಕಾರಣ ಇಷ್ಟೆ: ಕೆಲವು ಪತ್ರಿಕೆಗಳ ಪರಿವಿಡಿ ಮುಖಪುಟದ ಒಳಬದಿಯಲ್ಲಿ ಇರುತ್ತಿತ್ತು. ಬೈಂಡ್ ಮಾಡುವವರು ಮುಖಪುಟ, ಜಾಹೀರಾತಿನ ಹಾಳೆಗಳನ್ನು ಕಿತ್ತು ಬಿಸಾಕಿ ಒಳಗಿನದನ್ನು ಮಾತ್ರ ಹೊಲಿದಿರುತ್ತಾರೆ. ಸಂಪಾದಕರ ಹೆಸರು, ಬೆಲೆ, ತಿಂಗಳು, ಎಲ್ಲ ಅದರ ಜೊತೆಗೇ ಹೋಗಿರುತ್ತದೆ.

ಆಗ ಪ್ರತಿ ಲೇಖನದ ಕೊನೆಗೆ ಹೋಗಬೇಕು, ತಲೆಗೆ ಅಲ್ಲ. ಈಗ ಲೇಖಕರ ಹೆಸರನ್ನು ಶೀರ್ಷಿಕೆಯ ಕೆಳಗೆ ಹಾಕುತ್ತೇವೆ. ಹಿಂದೆ ಲೇಖನ ಮುಗಿದ ಮೇಲೆ ಬಲಗಡೆಗೆ ಸರಿಸಿ, ಒಂದು ಅಡ್ಡಗೆರೆ ಹಾಕಿ ಹೆಸರು ಹಾಕುವುದು ಸಾಮಾನ್ಯವಾಗಿತ್ತು. ಎರಡಕ್ಷರದ ಹೆಸರು ಪುಟದ ಬಲಮೂಲೆಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಕಾಲಂ ಒಡೆದು ಓದುವ ಓಸಿಆರ್ ಅದನ್ನು ಪಕ್ಕದ ಜಾಹೀರಾತಿಗೋ ಮುಂದಿನ ಪದ್ಯಕ್ಕೋ ಸೇರಿಸಿಬಿಡುತ್ತದೆ. ಕಣ್ಣಿಗೆ ಮಾತ್ರ ತಕ್ಷಣ ಕಾಣುತ್ತದೆ. ಇಪ್ಪತ್ತು ಮೂವತ್ತು ಸಂಚಿಕೆ ತಿರುವಿದ ಮೇಲೆ ಕಣ್ಣು ಆ ಬಲಮೂಲೆಗೆ ತಾನೇ ಹೋಗುತ್ತದೆ. ಇದು ಅನುಭವದಿಂದ ಬರುವಂಥದ್ದು, ಯಾರಿಗಾದರೂ ಬರುತ್ತದೆ.

ಚಿತ್ರಗಳದ್ದು ಬೇರೆ ಮಾತು. ವ್ಯಂಗ್ಯಚಿತ್ರಕಾರರ ಸಹಿ ಚಿತ್ರದ ಒಳಗೇ ಇರುತ್ತದೆ. ಯಂತ್ರ ಅದನ್ನು ಅಕ್ಷರ ಎಂದೇ ಗುರುತಿಸುವುದಿಲ್ಲ. ಕೊರವಂಜಿಯಲ್ಲಿ ಲಕ್ಷ್ಮಣ್ ಬರೆದ ಚಿತ್ರಗಳನ್ನು ಹೆಸರು ಹಾಕಿ ಹುಡುಕಿದರೆ ಎಷ್ಟು ಜನ್ಮಕ್ಕೂ ಸಿಗುವುದಿಲ್ಲ. ಪುಟ ತಿರುವಲೇಬೇಕು.

ಮಾರ್ಚ್ ತಿಂಗಳ ಸಂಚಿಕೆ ಸಿಕ್ಕರೆ ಬಿಡಬೇಡಿ. 1956ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ಪ್ರತಿ ಪತ್ರಿಕೆಯೂ ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ಫಾರಂ 4’ ಎಂಬ ಹೇಳಿಕೆ ಅಚ್ಚು ಹಾಕಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು ಯಾರು, ಅವರ ವಿಳಾಸ ಏನು ಎಂಬುದು ಅದರಲ್ಲಿ ಇರುತ್ತಿತ್ತು. ಅಲ್ಲಿ ಕಾವ್ಯನಾಮಕ್ಕೆ ಜಾಗ ಇರಲಿಲ್ಲ, ನಿಜವಾದ ಹೆಸರೇ ಬೇಕಿತ್ತು. ಓದುಗರು ಆ ಮೂಲೆಯನ್ನು ನೋಡುವುದೇ ಇಲ್ಲ. ಚಿಕ್ಕ ಹೆಸರಿನ ಸಂಪಾದಕರೊಬ್ಬರ ಪೂರ್ತಿ ಹೆಸರು ಬೇಕಾದವರಿಗೆ ಅದು ನಿಧಿ. ಅದಕ್ಕೂ ಹಿಂದಿನ ಸಂಚಿಕೆಗಳಾದರೆ ಕೊನೆಯ ಪುಟದ ತೀರಾ ಕೆಳಗೆ, ಯಾವ ಪ್ರೆಸ್ಸಿನಲ್ಲಿ ಯಾರು ಮುದ್ರಿಸಿದರು ಎಂಬ ಸಣ್ಣಕ್ಷರದ ಸಾಲನ್ನು ಓದಿ.

ಸಂಚಿಕೆಗಳು ಎಲ್ಲಿ ಸಿಗುತ್ತವೆ ಎಂದು ಕೇಳುವವರಿಗೆ ಒಂದೇ ಜಾಗ ಹೇಳಲು ಆಗುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು, ಮರುವರ್ಷವೇ ಬಳ್ಳಾರಿಗೆ ಹೋಯಿತು. ಅಲ್ಲಿಂದ ಈಚೆಗೆ ಕನ್ನಡ ಪತ್ರಿಕೆಗಳು ಮೈಸೂರು, ಧಾರವಾಡ, ಬೆಂಗಳೂರು, ಬೆಳಗಾವಿ, ಮಂಗಳೂರು ಅಂತ ಹಂಚಿಹೋದವು. ಆಗ ಅವು ಬೇರೆ ಬೇರೆ ಆಡಳಿತದ ಊರುಗಳು. ಆದ್ದರಿಂದ ಬರಹಗಾರರು ಯಾವ ಕಡೆಯವರು ಎಂದು ನೋಡಿ ಲೈಬ್ರರಿ ಆರಿಸಬೇಕು. ಧಾರವಾಡದ ಕಡೆಯವರಾದರೆ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ಅದರ ‘ವಾಗ್ಭೂಷಣ’, ಆಲೂರ ವೆಂಕಟರಾಯರು 1922ರಲ್ಲಿ ಶುರು ಮಾಡಿದ ‘ಜಯ ಕರ್ನಾಟಕ’. ಹಳೆ ಮೈಸೂರಿನವರಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ‘ಪ್ರಬುದ್ಧ ಕರ್ಣಾಟಕ’, ಬೆಂಗಳೂರಿನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ. ‘ಕರ್ಣಾಟಕ’ ಮತ್ತು ‘ಕರ್ನಾಟಕ’, ಎರಡೂ ಕಾಗುಣಿತ ಹಾಕಿ ನೋಡಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಆನ್‌ಲೈನ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇವೆ. ಅವುಗಳ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆಂದರೆ ಹಾಗೆ ಬರೆದಿದ್ದಾರೆ. ಒಂದೇ ಪತ್ರಿಕೆ ನಾಲ್ಕು ಕಾಗುಣಿತದಲ್ಲಿ ಸಿಗಬಹುದು.

ಒಬ್ಬರೋ ಇಬ್ಬರೋ

ಹೆಸರು ಸಿಕ್ಕಿತು. ಅದು ಅವರೇನಾ? ಇಲ್ಲಿ ಅವಸರ ಮಾಡಬಾರದು. ‘ಆನಂದ’ ಎಂದು ಹುಡುಕಿದಾಗ ‘ಆನಂದಕಂದ’ ಕೂಡ ಬರುತ್ತಾರೆ. ಅವರು ಬೆಟಗೇರಿ ಕೃಷ್ಣಶರ್ಮ. ಇಬ್ಬರೂ ಒಂದೇ ಕಾಲದವರು, ಇಬ್ಬರೂ ಕಥೆ ಬರೆದವರು. ಒಬ್ಬರು ಅಜ್ಜಂಪುರದವರು, ಇನ್ನೊಬ್ಬರು ಬೆಳಗಾವಿ ಕಡೆಯವರು. ಹೆಸರು ಅರ್ಧ ಅಳಿಸಿದ ಪುಟದಲ್ಲಿ ಒಬ್ಬರ ಕಥೆಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ತೀರಾ ಸುಲಭ. ‘ಶ್ರೀರಂಗ’ ಎಂದರೆ ನಾಟಕಕಾರ ಆದ್ಯ ರಂಗಾಚಾರ್ಯರ ಜೊತೆ ಶ್ರೀರಂಗಪಟ್ಟಣವೂ ಬರುತ್ತದೆ, ಅದು ಬಿಡಿ, ಗೊತ್ತಾಗುತ್ತದೆ. ಕಷ್ಟ ಇರುವುದು ಎರಡೂ ಮನುಷ್ಯರೇ ಆದಾಗ.

ನಾನು ಒಪ್ಪಿಕೊಳ್ಳುವುದು ಒಂದೇ ಸಾಕ್ಷಿಯನ್ನು. ಚಿಕ್ಕ ಹೆಸರು ಮತ್ತು ಪೂರ್ತಿ ಹೆಸರು ಎರಡೂ ಒಟ್ಟಿಗೆ ಅಚ್ಚಾದ ಪುಟ, ಅದೂ ಅವರು ಬದುಕಿದ್ದ ಕಾಲದ್ದು. ವಿಶೇಷಾಂಕಗಳಲ್ಲಿ ‘ನಮ್ಮ ಲೇಖಕರು’ ಎಂದು ಫೋಟೊ ಸಮೇತ ಪರಿಚಯ ಹಾಕುತ್ತಿದ್ದರು. ಪುಸ್ತಕದ ಜಾಹೀರಾತಿನಲ್ಲಿ ಕಂಸ ಹಾಕಿ ಎರಡೂ ಹೆಸರು ಕೊಡುತ್ತಿದ್ದರು. ಅಂಥದ್ದು ಸಿಗುವವರೆಗೆ ಕಾಲ, ಊರು, ಬರವಣಿಗೆಯ ವಿಷಯ ಎಲ್ಲ ಹೊಂದಿದರೂ ‘ಇರಬಹುದು’ ಎಂದೇ ಬರೆದುಕೊಳ್ಳಬೇಕು.

ಮುದ್ದಣನ ಕಥೆ ನೆನಪಿಸಿಕೊಳ್ಳಿ. ನಂದಳಿಕೆ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡವನು. ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಬಡ ಮೇಷ್ಟ್ರು. ತಾನು ಬರೆದದ್ದನ್ನೇ ಯಾರೋ ಹಳೆಯ ಕವಿಯ ಕೃತಿ ಸಿಕ್ಕಿದೆ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಹಳಗನ್ನಡ ಎಷ್ಟು ಚೆನ್ನಾಗಿತ್ತು ಎಂದರೆ ಬಲ್ಲವರೂ ನಂಬಿದರು. ಆ ಮೂರಕ್ಷರದ ಹೆಸರಿನ ಹಿಂದೆ ಇದ್ದವನು ತಮ್ಮ ಕಾಲದವನೇ ಎಂದು ಕನ್ನಡ ನಾಡಿಗೆ ಗೊತ್ತಾಗುವ ಹೊತ್ತಿಗೆ ಅವನು ಕ್ಷಯದಿಂದ ಸತ್ತು ವರ್ಷಗಳಾಗಿದ್ದವು. ಅವನನ್ನು ಬದುಕಿದ್ದಾಗಲೇ ಯಾರಾದರೂ ಹುಡುಕಿಕೊಂಡು ಹೋಗಿದ್ದರೆ ಎಂದು ನನಗೆ ಈಗಲೂ ಸಂಕಟ ಆಗುತ್ತದೆ.

ಸಂಪಾದಕರ ವಿಷಯದಲ್ಲಿ ಇನ್ನೊಂದು ಎಚ್ಚರ. ತಮ್ಮದೇ ಪತ್ರಿಕೆಯಲ್ಲಿ ಅವರು ಸಹಿ ಇಲ್ಲದೆ ಬರೆಯುವುದು ಜಾಸ್ತಿ. ಪುಟ ತುಂಬಿಸಲು ಬೇರೆ ಹೆಸರಿನಲ್ಲೂ ಬರೆಯುತ್ತಾರೆ. ಒಂದು ಸಂಚಿಕೆಯಲ್ಲಿ ‘ರಾಶಿ’ ಎಂಬ ಸಹಿ ಕಾಣದಿದ್ದರೆ ಅವರು ಆ ತಿಂಗಳು ಬರೆಯಲಿಲ್ಲ ಎಂದು ಅರ್ಥವಲ್ಲ. ಸಹಿ ಕಾಣಲಿಲ್ಲ, ಅಷ್ಟೆ.

ಹುಡುಕುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡು, ಸಿಕ್ಕಿದ್ದರ ಜೊತೆ ಸಿಗದೇ ಇದ್ದದ್ದನ್ನೂ ಬರೆಯಿರಿ. ಪತ್ರಿಕೆ, ಸಂಪುಟ, ಸಂಚಿಕೆ, ತಿಂಗಳು, ಪುಟ, ಹೆಸರು ಅಚ್ಚಾದ ರೂಪ ಹೇಗಿತ್ತೋ ಹಾಗೇ. ‘ನೋಡಿದೆ, ಇಲ್ಲ’ ಎಂಬುದು ಒಂದು. ‘ಈ ಸಂಚಿಕೆಯೇ ಲೈಬ್ರರಿಯಲ್ಲಿ ಇಲ್ಲ’ ಎಂಬುದು ಇನ್ನೊಂದು. ಎರಡನ್ನೂ ಒಂದೇ ಗೀಟಿನಲ್ಲಿ ಗುರುತು ಹಾಕಿದರೆ ಆರು ತಿಂಗಳಾದ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ಆ ಎರಡನೆಯ ಪಟ್ಟಿಯನ್ನು ಹಿಡಿದುಕೊಂಡೇ ನೆಂಟರ ಮನೆಯ ಅಟ್ಟ, ರದ್ದಿ ಅಂಗಡಿ, ಹಳೆ ಪುಸ್ತಕದ ಅಂಗಡಿ ನೋಡಬೇಕು. ಯಾರೋ ಟ್ರಂಕಿನಲ್ಲಿ ಕಟ್ಟಿಟ್ಟ ಕಂತೆ ಸಿಕ್ಕಿದರೆ ಮೊದಲು ಮುಖಪುಟದ ಫೋಟೊ ತೆಗೆಯಿರಿ, ಆಮೇಲೆ ಪರಿವಿಡಿ, ಆಮೇಲೆ ಕೊನೆಯ ಪುಟದ ಕೆಳಗಿನ ಸಣ್ಣಕ್ಷರದ ಸಾಲು. ಹಾಳೆ ಅಂಟಿಕೊಂಡಿದ್ದರೆ ಎಳೆಯಬೇಡಿ. ದಾರ ಬಿಚ್ಚಬೇಡಿ. ಹಾಗೇ ಬಟ್ಟೆಯಲ್ಲಿ ಸುತ್ತಿ, ಸ್ಕ್ಯಾನ್ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ.